ಖಂಡೇ ಪೂಜೆಗೆ ಬಂದ್ ಮಾಡಿದ ಗೇಮ್ ಡಬ್ಬಿ

ನಾನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಕಲ್ಲಿನಲ್ಲಿ ಹಸಿ ಖಾರ ಅರೆಯುತ್ತಿದ್ದೆ. ಬನ್ನಿ ಕೊಟ್ಟ ಮರುದಿನ ಅದು. ಹಬ್ಬದ ಸಿಹಿ ತಿಂದು ಬಾಯಿ ಕೆಟ್ಟಿದೆ, ರೊಟ್ಟಿಗೆ ಏನಾದರೂ ಖಾರ ಮಾಡು ಎಂದು ನಮ್ಮವರು ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಹೇಳಿ ಹೋಗಿದ್ದರು. ಅವರು ಬಸ್ಸಿನ ಕಂಡಕ್ಟರ್. ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರ್ಧ ನುಣ್ಣಗಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಶಾರದಾ ಹಿತ್ತಲ ಬಾಗಿಲಿನಿಂದಲೇ ಒದರುತ್ತ ಬಂದಳು.

"ಅಕ್ಕಾ, ನಿಮ್ಮ ಶಿವಾನಂದನ್ನ ತಾಲೀಮಿನಾಗ ಕೆಡವಿ ಬಡ್ಯಾಕತ್ತಾರ! ಯಾರೂ ಬಿಡಸವಲ್ರು. ಲಗೂನ ಬರ್ರಿ, ಸಾಯತಾನ ಅಂವಾ!"

ಶಿವಾನಂದ ನನ್ನ ಮೈದುನ. ನಾನು ಎದ್ದು ಓಡಿದೆ. ಕೈ ತೊಳೆಯಬೇಕು ಎಂಬುದೂ ಹೊಳೆಯಲಿಲ್ಲ. ಓಣಿ ದಾಟಿ, ಕುಸ್ತಿಯ ತಾಲೀಮಿನ ಕಡೆ ಓಡುತ್ತಿದ್ದಂತೆ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು: ಈ ಏಟು ಅವನದಲ್ಲ, ನನ್ನದು. ಅವನು ಯಾಕೆ ಹೊಡೆಸಿಕೊಳ್ಳುತ್ತಿದ್ದಾನೆ ಎಂಬುದು ಅವನನ್ನು ಬಿಟ್ಟರೆ ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಚಿಕ್ಕೋಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಶಿವಾನಂದನ ಅಂಗಡಿ. ಎರಡು ಕಂಪ್ಯೂಟರ್, ಟಿವಿಗೆ ಹಚ್ಚಿ ಆಡುವ ಎರಡು ಗೇಮ್ ಡಬ್ಬಿ. ಡಿಪ್ಲೊಮಾ ಓದಿದ ಹುಡುಗ, ಕೈಚಳಕ ಚೆನ್ನಾಗಿತ್ತು. ರಾಯಬಾಗ, ಅಥಣಿ ಕಡೆಯಿಂದ ಜನ ತಮ್ಮ ಕಂಪ್ಯೂಟರನ್ನು ಹಳೆಯ ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ತರುತ್ತಿದ್ದರು. ವೈರಸ್ ಹೊಕ್ಕು ಮಲಗಿದ ಯಂತ್ರಕ್ಕೆ ಇವನು ಬೇರೆಯದೇ ಒಂದು ಸಾಫ್ಟ್‌ವೇರ್ ಹಾಕಿ ಎಬ್ಬಿಸುತ್ತಿದ್ದ. ಅದರ ಸಿಡಿ ಯಾವುದೋ ದೇಶದಿಂದ ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. ಪೋಸ್ಟ್‌ಮನ್ನನಿಗೆ ಮೊದಮೊದಲು ಸಂಶಯ, ಪರದೇಶದವರು ಈ ಹುಡುಗನಿಗೆ ಏನು ಕಳಿಸುತ್ತಾರೆ ಅಂತ.

"ಇದನ್ನ ಯಾರ್ ಮಾಡ್ಯಾರೋ ಶಿವಾ?" ಎಂದು ಒಮ್ಮೆ ಕೇಳಿದೆ.

"ಸಾವಿರಾರು ಮಂದಿ ಮಾಡ್ಯಾರ್ರಿ ವೈನಿ. ಒಬ್ಬಂವ ಬರದಾನ, ಇನ್ನೊಬ್ಬಂವ ತಿದ್ದ್ಯಾನ. ಯಾರ ಬೇಕಾದವರು ತಗೋಬಹುದು. ತಪ್ಪಿದ್ರ ತಿದ್ದಿ ಮತ್ತೊಬ್ಬಗ ಕೊಡಬಹುದು. ಆರ ತಿಂಗಳಿಗೊಮ್ಮಿ ಹೊಸಾದು ಬರತೈತಿ."

"ಮಠದ ಪ್ರಸಾದ ಇದ್ದಂಗ ಅನ್ನು."

"ಪ್ರಸಾದ ತಿದ್ದಾಕ ಬರಂಗಿಲ್ಲಲ್ರಿ ವೈನಿ."

"ಸಾರಿಗೆ ಉಪ್ಪು ಕಡಿಮಿ ಆದ್ರ ಹಾಕ್ಕೋಬಹುದೋ ಹುಚ್ಚಪ್ಪ."

ಅವನು ನಕ್ಕ. ಅಂದಿನಿಂದ ಸಿಡಿ ಬಂದರೆ ಮೊದಲು ದೇವರ ಜಗಲಿಗೆ ಇಡುತ್ತಿದ್ದೆ. ಒಂದು ಸಲ ಹೊಳೆಯುವ ಮೈಗೇ ವಿಭೂತಿ ಎಳೆದು ಇಟ್ಟಿದ್ದೆ. ಅದು ಯಂತ್ರದೊಳಗೆ ಕರಕರ ಎಂದು ನಿಂತೇಬಿಟ್ಟಿತು. "ವೈನಿ, ಕವರಿಗೆ ಹಚ್ಚಿದ್ರ ಸಾಕ್ರಿ, ದೇವರಿಗೆ ಮುಟ್ಟತೈತಿ" ಎಂದನೇ ಹೊರತು ಬೈಯಲಿಲ್ಲ.

ಆ ವರ್ಷ ಮಿರಗದ ಮಳೆ ಬಡಿದುಕೊಂಡು ಬಂತು. ಮೊದಲ ದಿನವೇ ಗಾಳಿಗೆ ನಮ್ಮ ಹಿತ್ತಲಿನ ತಗಡು ಹಾರಿ ಎದುರು ಮನೆಯ ಆಕಳ ಬೆನ್ನು ಸೀಳಿತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಸಾಫ್ಟ್‌ವೇರ್ ಏರಿಸುವಾಗ ಕರೆಂಟು ಹೋದರೆ ಯಂತ್ರ ಅರ್ಧಂಬರ್ಧವಾಗಿ ಸತ್ತಂತೆ ಎಂದು ಶಿವಾನಂದ ಒಂದು ಹಳೆಯ ಟ್ರ್ಯಾಕ್ಟರ್ ಬ್ಯಾಟರಿಗೆ ಇನ್ವರ್ಟರ್ ಕೂಡಿಸಿ ಇಟ್ಟಿದ್ದ. "ಹಳೇದನ್ನ ಅಳಿಸಿ ಹೊಸಾದನ್ನ ಬರೆಯೂ ಹೊತ್ತಿನ್ಯಾಗ ಉಸರ ನಿಲ್ಲಬಾರದು" ಎನ್ನುತ್ತಿದ್ದ. ಮಳೆಗೆ ಯಾರೂ ಕೆಲಸಕ್ಕೆ ಹೋಗದ ದಿನಗಳು. ಅಂಗಡಿಯಲ್ಲಿ ತರುಣರು ತುಂಬಿರುತ್ತಿದ್ದರು. ಪರದೆಯ ಮೇಲಿನ ಹೊಡೆದಾಟ ಮುಗಿದು ನೆಲದ ಮೇಲೆ ಶುರುವಾಗುತ್ತಿತ್ತು. ಒಮ್ಮೆ ಇಬ್ಬರು ಯಾರ ಪಾಳಿ ಎಂದು ಜಗಳಾಡಿ, ಒಬ್ಬ ಇನ್ನೊಬ್ಬನ ಕೊರಳಿಗೆ ಗೇಮಿನ ವೈರನ್ನೇ ಸುತ್ತಿ ಎಳೆದ. ಬಿಡಿಸಲು ಹೋದ ಶಿವಾನಂದನ ತುಟಿ ಒಡೆಯಿತು. ಮರುದಿನ ಆ ಇಬ್ಬರೂ ಒಂದೇ ಕೊಡೆಯಲ್ಲಿ ಬಂದು ಕುಳಿತಿದ್ದರು.

ಅದಕ್ಕಿಂತ ದೊಡ್ಡ ಹೆದರಿಕೆ ಎಂದರೆ ದತ್ತು ಪೈಲ್ವಾನ. ತಾಲೀಮಿನ ಉಸ್ತಾದ ಅವನು. ಅವನ ಶಿಷ್ಯರು ಸಾಮು ತಪ್ಪಿಸಿ ನಮ್ಮಲ್ಲಿ ಬಂದು ಆಡುತ್ತಾರೆ ಎಂದು ತಿಳಿದ ದಿನ ಬಾಗಿಲಲ್ಲಿ ಬಂದು ನಿಂತ. ಒಳಗೆ ಬೆಳಕೇ ಕಡಿಮೆಯಾಯಿತು. ಇಬ್ಬರ ಕೂದಲು ಹಿಡಿದು ಹೊರಗೆಳೆದು, ಮಳೆಯ ಕೆಸರಿನಲ್ಲಿ ಕೆಡವಿ ಒದ್ದ. ಒಬ್ಬನ ಕಿವಿಯಿಂದ ರಕ್ತ ಬಂತು. ಅದೇ ಹೊತ್ತಿಗೆ ಅವನ ತಮ್ಮ ಪ್ರಕಾಶ ನನ್ನ ಅಡುಗೆಮನೆಗೆ ನುಗ್ಗಿದ್ದ. ಊರೆಲ್ಲ ಅವನನ್ನು ಪಕ್ಯಾ ಎನ್ನುತ್ತಿತ್ತು. ಇಪ್ಪತ್ತೆರಡರ ಹುಡುಗ.

"ವೈನೀ, ಅಣ್ಣ ಬಂದಾನ್ರಿ. ಹಿತ್ತಲ ಬಾಗಲಾ ಎಲ್ಲೈತಿ?"

"ನಿಂತ ಹೇಳೋ, ಆಡಾಕ ಬಂದಿದ್ದೆ ಅಂತ. ನುಂಗತಾನೇನು?"

"ನುಂಗಂಗಿಲ್ರಿ, ಅಗೀತಾನ. ನನ್ನ ಬೆನ್ನು ಅಣ್ಣನ ಕೈಗೆ ರೂಢಿ ಆಗೇತ್ರಿ, ದಿನಾ ಕೊಟ್ರ ತುಟ್ಟಿ ಆಗತೈತಿ." ಬುಟ್ಟಿಯಿಂದ ಅರ್ಧ ರೊಟ್ಟಿ ಮುರಿದುಕೊಂಡು ನಗುತ್ತ ಗೋಡೆ ಜಿಗಿದು ಹೋದ.

ಪಕ್ಯಾನ ಮನೆಯಲ್ಲೂ ಒಂದು ಗೇಮ್ ಡಬ್ಬಿ ಇತ್ತು. ಮುಂಬಯಿಯಿಂದ ಯಾರೋ ಗೆಳೆಯ ಕೊಟ್ಟಿದ್ದ ಹಳೆಯದು. ಶಿವಾನಂದ ಅದರೊಳಗೆ ತನ್ನ ಪುಕ್ಕಟೆ ಸಾಫ್ಟ್‌ವೇರ್ ಏರಿಸಿದ ಮೇಲೆ ಅದು ಬರೀ ಆಟದ ಡಬ್ಬಿಯಾಗಿ ಉಳಿಯಲಿಲ್ಲ. ಹಾಡು, ಫೋಟೊ, ಮೊಬೈಲಿನಲ್ಲಿ ತೆಗೆದ ವಿಡಿಯೊ ಎಲ್ಲವನ್ನೂ ಟಿವಿಯಲ್ಲಿ ತೋರಿಸುತ್ತಿತ್ತು. ಪಕ್ಯಾ ಕಂಡದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಅದರೊಳಗೆ ತುಂಬುತ್ತಿದ್ದ. ತಾನು ಸಾಮು ಮಾಡುವುದನ್ನೂ ಕಿಟಕಿಯಲ್ಲಿ ಮೊಬೈಲ್ ಆನಿಸಿಟ್ಟು ತೆಗೆದುಕೊಳ್ಳುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ಟ್ರ್ಯಾಕ್ಟರ್ ಜಾರಿ ಅವನ ಮೇಲೆಯೇ ಮಗುಚಿತು. ದತ್ತು ಓಡಿಬಂದು ಒಬ್ಬನೇ ಹೆಗಲು ಕೊಟ್ಟು ಎತ್ತಿದನಂತೆ. ಹೆಗಲಿನ ಚರ್ಮ ಸುಲಿದು ಕಬ್ಬಿಣಕ್ಕೆ ಅಂಟಿತ್ತು ಎಂದು ನೋಡಿದವರು ಹೇಳಿದರು. ಟ್ರ್ಯಾಕ್ಟರ್ ಎದ್ದಿತು, ಪಕ್ಯಾ ಏಳಲಿಲ್ಲ. ಎದೆ ಚಪ್ಪಟೆಯಾಗಿತ್ತು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ. ತಾಯಿ ಅದನ್ನಾದರೂ ನೋಡಿದಳು. ಅದೂ ದೇವರ ದಯೆ ಎಂದು ಅಂದು ಕೈಮುಗಿದೆ.

ತಾಯಿ ಹೌಸಕ್ಕ. ಸೊಂಟ ಹೋದ, ಕಣ್ಣು ಮಬ್ಬಾದ ಹೆಂಗಸು. ಮಗ ಹೋದ ಮೇಲೆ ಅವಳಿಗೆ ಆ ಡಬ್ಬಿಯೇ ಗತಿಯಾಯಿತು. ಅದರಲ್ಲಿ ಒಂದು ವಿಡಿಯೊ ಇತ್ತು. ಪಕ್ಯಾ ಎಮ್ಮೆಯ ಮೈ ತಿಕ್ಕುತ್ತ ನಿಂತವನು ಹೊರಳಿ, "ಅವ್ವಾ, ಚಾ ಆತೇನ?" ಎನ್ನುತ್ತಾನೆ. ಅಷ್ಟೇ. ದಿನಾ ನಾಲ್ಕು ಗಂಟೆಗೆ ದತ್ತು ಅದನ್ನು ಹಚ್ಚುತ್ತಿದ್ದ. ಹೌಸಕ್ಕ ಟಿವಿಗೆ ಮುಖ ಹತ್ತಿಸಿ, "ಆತು, ಬಾ" ಎನ್ನುತ್ತಿದ್ದಳು. ಆಮೇಲೆಯೇ ಅವಳ ಚಹಾ, ಅವಳ ತುತ್ತು.

ನವಮಿಯ ಹಿಂದಿನ ದಿನ ದತ್ತು ಆ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ನಮ್ಮ ಅಂಗಡಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟಿದ್ದ.

"ಶಿವಾ, ನಡಬರಕ ನಿಂದರಾಕತ್ತೇತಿ ಇದು. ಅವ್ವ ಎರಡ ದಿನದಿಂದ ಉಂಡಿಲ್ಲ."

ಶಿವಾನಂದ ಹಚ್ಚಿ ನೋಡಿದ. "ಹಳೇದಾಗೇತಿ ಪೈಲ್ವಾನ್ರ. ಹೊಸಾದು ಬಂದೈತಿ, ಏರಿಸಿದ್ರ ಸರಿ ಆಗತೈತಿ. ಬನ್ನಿ ಮರುದಿನ ಒಯ್ರಿ."

"ಒಳಗ ಪಕ್ಯಾ ಅದಾನ, ನೆನಪಿರ್ಲಿ. ಅವಗ ಏನರ ಆತಂದ್ರ ಕೈ ಮುರೀತೀನಿ." ನಕ್ಕೇ ಹೇಳಿದ. ನಾವೂ ನಕ್ಕೆವು.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇ ಪೂಜೆ. ದುಡಿಯುವ ಮನೆಯ ಆಯುಧವೆಲ್ಲ ಅಂದು ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಹೂ ಏರಿಸಿಕೊಂಡು ಸುಮ್ಮನೆ ಕೂರಬೇಕು. ಕುಡಗೋಲು, ಇಳಿಗೆ, ನಮ್ಮವರ ಟಿಕೆಟ್ ಪೆಟ್ಟಿಗೆ, ಎಲ್ಲ ಮುಗಿಸಿ ಆರತಿ ತಟ್ಟೆ ಹಿಡಿದು ಅಂಗಡಿಯ ಕೋಣೆಗೆ ಬಂದೆ. ಶಿವಾನಂದ ಚೆಂಡುಹೂ, ಕಬ್ಬಿನ ಜಲ್ಲೆ ತರಲು ಪ್ಯಾಟಿಗೆ ಹೋಗಿದ್ದ. ಟೇಬಲ್ಲಿನ ಮೇಲೆ ಪಕ್ಯಾನ ಡಬ್ಬಿ ಗುಂಯ್ ಎನ್ನುತ್ತಿತ್ತು. ಟಿವಿಯಲ್ಲಿ ಒಂದು ನೀಲಿ ಪಟ್ಟಿ ಇರುವೆಯಂತೆ ಸರಿಯುತ್ತಿತ್ತು.

ಅವನು ನೂರು ಸಲ ಹೇಳಿದ್ದು ನನಗೆ ಗೊತ್ತಿತ್ತು, ಕರೆಂಟು ಹೋಗಬಾರದು ಅಂತ. ಆದರೆ ನನ್ನ ತಲೆಯಲ್ಲಿ ಅದು ಕರೆಂಟಿನವರು ತೆಗೆಯುವ ಕರೆಂಟಿನ ಮಾತು. ಪೂಜೆಗೆ ನಾನು ಬಂದ್ ಮಾಡುವುದೂ ಅದೇ ಎಂದು ಹೊಳೆಯಲೇ ಇಲ್ಲ. ಓಡುವ ಖಂಡೆಗೆ ಯಾರು ವಿಭೂತಿ ಹಚ್ಚುತ್ತಾರೆ? ನಮ್ಮವರೂ ಬಸ್ಸಿನ ಇಂಜಿನ್ ಬಂದ್ ಮಾಡಿಸಿಯೇ ಕಾಯಿ ಒಡೆಸುತ್ತಾರೆ, ಹಿಟ್ಟಿನ ಗಿರಣಿಯ ಪಟ್ಟಾ ಕೂಡ ಅಂದು ಇಳಿಸುತ್ತಾರೆ. ನಾನು ಗೋಡೆಯ ಬಟನ್ ಒತ್ತಿದೆ. ಡಬ್ಬಿ ನಿಲ್ಲಲಿಲ್ಲ, ಇನ್ವರ್ಟರ್ ಕೂಗಿತು. ಇದೂ ಒಂದು ಖಂಡೆಯೇ ಅಲ್ಲವೇ ಎಂದುಕೊಂಡು ಅದನ್ನೂ ಬಂದ್ ಮಾಡಿದೆ. ಡಬ್ಬಿಯ ಸದ್ದು ಇಳಿದು ಇಳಿದು ನಿಂತಿತು. ಮೂರು ಬೆರಳು ವಿಭೂತಿ ಎಳೆದೆ, ಕುಂಕುಮವಿಟ್ಟೆ, ಹೂ ಇಟ್ಟೆ. ಆ ತಾಯಿಯ ಹೊಟ್ಟೆ ತಣ್ಣಗಿಡಪ್ಪಾ ಎಂದು ಬೇಡಿಕೊಂಡೆ ಕೂಡ.

ಶಿವಾನಂದ ಬಂದವನು ಹೂವಿನ ಬುಟ್ಟಿ ಕೆಳಗಿಡಲಿಲ್ಲ.

"ವೈನಿ... ಇದನ್ನ ಯಾರು ಬಂದ್ ಮಾಡಿದ್ರು?"

ಹೊತ್ತು ಮುಳುಗುವವರೆಗೆ ಏನೇನೋ ಮಾಡಿದ. ಟಿವಿ ಕಪ್ಪಗೇ ಇತ್ತು. ಕೊನೆಗೆ ನೆಲದ ಮೇಲೆ ಕುಳಿತ. "ಮೊದಲ ಒಂದು ನಕಲು ತಗದ ಇಡಬೇಕಿತ್ತು. ನನ್ನ ಕಂಪ್ಯೂಟರ್ ತುಂಬಿತ್ತು, ಹಬ್ಬದ ಗದ್ದಲದಾಗ ಬಿಟ್ಟೆ. ತಪ್ಪು ನಂದ. ನೀವು ಬಾಯಿ ಬಿಡಬ್ಯಾಡ್ರಿ, ಅಣ್ಣಗೂ ಹೇಳಬ್ಯಾಡ್ರಿ. ಕರೆಂಟ್ ಹೋತಂತ ಹೇಳ್ತೀನಿ."

ನಾನು ಬಾಯಿ ಬಿಡಲಿಲ್ಲ. ಮರುದಿನ ದಶಮಿ, ದತ್ತು ಬನ್ನಿ ಕೊಡಲು ಮನೆಗೇ ಬಂದ. ನನ್ನ ಕೈಯಲ್ಲಿ ಎಲೆಯಿಟ್ಟು, "ನಾವು ನೀವು ಬಂಗಾರದಂಗ ಇರೂಣ್ರಿ ವೈನಿ" ಎಂದು ಬಗ್ಗಿ ನಮಸ್ಕಾರ ಮಾಡಿದ. ಅವನ ಹೆಗಲಿನ ಗಾಯ ಇನ್ನೂ ಪೂರ್ತಿ ಒಣಗಿರಲಿಲ್ಲ. ಆಗ ಹೇಳಬಹುದಿತ್ತು. ತಟ್ಟೆಯಲ್ಲಿ ಉಂಡಿ ಇಟ್ಟು ಕೊಟ್ಟೆ. ಇಷ್ಟು ವರ್ಷ ಪೂಜೆ ಮಾಡಿದ ಬಾಯಿ ಅದು, ಆ ಒಂದು ಗಳಿಗೆ ಮುಚ್ಚಿಕೊಂಡೇ ಇತ್ತು.

ಅದರ ಮರುದಿನ ಬೆಳಿಗ್ಗೆ ಡಬ್ಬಿ ಕೆಟ್ಟದ್ದನ್ನು ಹೇಳಲು ಶಿವಾನಂದ ತಾನೇ ತಾಲೀಮಿಗೆ ಹೋಗಿದ್ದ. ನಾನು ಓಡಿ ಮುಟ್ಟಿದಾಗ ತಾಲೀಮಿನ ಬಾಗಿಲಲ್ಲಿ ಜನ ಕಟ್ಟಿದ್ದರು. ದಾರಿ ಮಾಡಿಕೊಂಡು ಒಳಗೆ ಹೋದೆ. ಕೆಂಪು ಮಣ್ಣಿನ ಮೇಲೆ ಶಿವಾನಂದ ಅಂಗಾತ ಬಿದ್ದಿದ್ದ. ಮೂಗು, ಬಾಯಿ, ಮಣ್ಣು ಒಂದೇ ಬಣ್ಣವಾಗಿತ್ತು. ದತ್ತುವಿನ ಕೈಯಲ್ಲಿ ಮಣ್ಣು ಸಡಿಲಿಸುವ ಗುದ್ದಲಿಯ ಕಾವು. ಹುಡುಗರು ಎತ್ತಿ ಸಾಮು ಮಾಡುವ ಗುಂಡುಕಲ್ಲಿನ ಮೇಲೆ ಶಿವಾನಂದನ ಬಲಗೈಯನ್ನು ಇರಿಸಿ, ಮಣಿಕಟ್ಟನ್ನು ಕಾಲಿನಲ್ಲಿ ಒತ್ತಿ ಹಿಡಿದಿದ್ದ.

"ಕರೆಂಟ್ ಹೋಗಿತ್ತಂತಿ ಮಗನ? ಹಬ್ಬದಾಗ ಕರೆಂಟ್ ಹೋಗೇ ಇಲ್ಲ. ನನ್ನ ಮನ್ಯಾಗ ಹಗಲೂ ರಾತ್ರಿ ಅವ್ವನ ಭಜನಿ ಟೇಪ್ ಹಚ್ಚಿತ್ತು! ಸುಳ್ಳ ಯಾಕ ಹೇಳಿದಿ? ನನ್ನ ತಮ್ಮನ್ನ ಅಳಿಸಿ ನಿನ್ನ ಆಟಾ ತುಂಬಿದಿ ಹೌದಲ್ಲೋ?" ಕಾವು ಬಿತ್ತು. ಬೆರಳು ಮುರಿಯುವ ಸದ್ದು ಹಸಿ ಕಬ್ಬು ಮುರಿದಂತೆ ಇರುತ್ತದೆ. ಆಮೇಲೆ ಎಷ್ಟೋ ದಿನ ನಾನು ಕಬ್ಬು ಮುರಿದವಳಲ್ಲ.

ನಾನು ಹೋಗಿ ಆ ಕಲ್ಲಿನ ಮೇಲೆ ಅಡ್ಡ ಬಿದ್ದೆ. "ಬಂದ್ ಮಾಡಿದಾಕಿ ನಾನು! ಅಂವಾ ಮನ್ಯಾಗ ಇರಲೇ ಇಲ್ಲ. ನನ್ನ ಹೊಡಿ."

"ಏಳ್ರಿ ವೈನಿ. ಮೈದುನನ್ನ ಉಳಸಾಕ ಬಂದೀರಿ, ತಿಳೀತೈತಿ ನನಗ."

"ದೇವರ ಆಣಿ, ನಾನು."

"ಹೌದ್ರಿ, ವೈನಿ ಸುಳ್ಳ ಹೇಳಾಕತ್ತಾರ," ಎಂದ ಶಿವಾನಂದ, ಬಾಯಿಯೊಳಗಿನ ಮಣ್ಣು ಉಗುಳಿ. "ಅವರಿಗೆ ಏನೂ ಗೊತ್ತಿಲ್ಲ. ನಾನ ಕೆಡಿಸೀನಿ."

ದತ್ತು ನನ್ನ ತೋಳು ಹಿಡಿದು ಚೀಲ ಎಸೆದಂತೆ ಎಸೆದ. ಗೋಡೆಗೆ ಹಣೆ ಬಡಿಯಿತು, ಕಣ್ಣಿಗೆ ರಕ್ತ ಇಳಿಯಿತು. ಒರೆಸಿಕೊಂಡೆ. ಕೈಯ ಹಸಿ ಖಾರ ಗಾಯಕ್ಕೂ ಕಣ್ಣಿಗೂ ಹೊಕ್ಕಿತು. ಆ ಉರಿಯಲ್ಲಿ ಏನೂ ಕಾಣದಾಯಿತು. ಕಾವು ಇನ್ನೊಮ್ಮೆ ಬಿದ್ದದ್ದು ಕೇಳಿಸಿತು, ಶಿವಾನಂದ ಕೂಗಿದ್ದು ಕೇಳಿಸಿತು. ನಿಂತ ಗಂಡಸರಲ್ಲಿ ಒಬ್ಬನೂ ಒಳಗೆ ಕಾಲಿಡಲಿಲ್ಲ.

ಕಾಲಿಟ್ಟವಳು ಹೌಸಕ್ಕ. ತಾಲೀಮಿಗೆ ಹೊಂದಿಯೇ ಅವರ ಮನೆ. ಗೋಡೆ ಹಿಡಿದು ಹಿಡಿದು ಬಂದಿದ್ದಳು. ಹೆಂಗಸರು ತುಳಿಯದ ಮಣ್ಣು ಅದು, ನಾನಂತೂ ತುಳಿದಾಗಿತ್ತು, ಅವಳೂ ತುಳಿದಳು. ಮಗನನ್ನು ಮಾತಾಡಿಸದೆ ನನ್ನ ಹತ್ತಿರ ಬಂದು ಕೈಯಿಂದ ನನ್ನ ಮುಖ ತಡವಿದಳು.

"ನೀ ಬಂದ್ ಮಾಡಿದಿ?"

"ಹೌದ್ರಿ ಆಯಿ."

"ಯಾವಾಗ?"

"ನವಮಿ ದಿನಾ. ಪೂಜಿ ಮಾಡೂಮುಂದ."

"ಮೊದಲ ವಿಭೂತಿ ಹಚ್ಚಿದ್ಯೋ, ಮೊದಲ ಬಂದ್ ಮಾಡಿದ್ಯೋ?"

"ಬಂದ್ ಮಾಡೇ ಹಚ್ಚೀನ್ರಿ. ಓಡೂದಕ್ಕ ಹೆಂಗ ಹಚ್ಚಲಿ?"

ಹೌಸಕ್ಕ ನನ್ನ ಮುಖದಿಂದ ಕೈ ತೆಗೆದಳು. ಆಮೇಲೆ ಹೊರಳಿದಳು. "ದತ್ತ್ಯಾ, ಮೊನ್ನಿ ನವಮಿ ದಿನಾ ಮೇವು ಕತ್ತರಸೂ ಮಶೀನ್ ಯಾರ ಬಂದ್ ಮಾಡಿದ್ರು?"

ದತ್ತು ಕಾವು ಹಿಡಿದೇ ಅವಳ ಕಡೆ ತಿರುಗಿದ.

"ನಾ ಮಾಡಿದ್ದೆ. ಅರ್ಧಾ ಕಡ್ಡಿ ಬಾಯಾಗ ಇತ್ತು, ಹಂಗ ಬಂದ್ ಮಾಡಿದ್ದೆ. ಎಮ್ಮಿ ಉಪವಾಸ ಅದಾವಂತ ನೀ ನನ್ನ ಮ್ಯಾಲೆ ಒದರಿದಿ. ಓಡೂ ಖಂಡೆಕ್ಕ ಪೂಜಿ ಮಾಡೂ ಹೆಣ್ಣಮಗಳು ಈ ಊರಾಗ ಯಾವಾಕಿ ಅದಾಳೋ? ಆಕಿ ಖರೆ ಹೇಳಾಕತ್ತಾಳ. ಇಂವಾ ವೈನಿ ಮ್ಯಾಲಿನ ಮಾತು ತನ್ನ ಮ್ಯಾಲೆ ತಗೊಂಡಾನ. ಕಾವು ಕೆಳಗ ಇಡು."

ಇಟ್ಟ. ಮಣಿಕಟ್ಟಿನ ಮೇಲಿನ ಕಾಲನ್ನೂ ತೆಗೆದ. ನಾನು ಆ ಹೊತ್ತಿಗೆ ದೇವರನ್ನು ನೆನೆದದ್ದಕ್ಕಿಂತ ಹೌಸಕ್ಕನನ್ನು ಹೆಚ್ಚು ನೆನೆದೆ. ಮಗನ ಮುಖವನ್ನು ಎರಡನೆಯ ಸಲ ಕಳೆದುಕೊಂಡವಳು, ಅದನ್ನು ಕಳೆದ ನನ್ನ ಪರವಾಗಿಯೇ ನಿಂತಿದ್ದಳು.

ಶಿವಾನಂದನನ್ನು ಜೀಪಿನಲ್ಲಿ ಹಾಕಿ ಮಿರಜಿನ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಕಾಗವಾಡ ಬಂತು, ನನ್ನ ತವರು. ಅವ್ವನ ಮನೆಯ ಮುಂದೆಯೇ ಜೀಪು ಹೋಯಿತು, ನಿಲ್ಲಿಸಲಿಲ್ಲ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಮುಖದ ರಕ್ತ ಒರೆಸಬೇಕೆಂದರೆ ನನ್ನ ಕೈಗೆ ಖಾರ. ಮಿರಜ ಮುಟ್ಟುವವರೆಗೂ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ಡಾಕ್ಟರರು ಮೂರು ಬೆರಳು ಉಳಿಸಿದರು. ಕಿರುಬೆರಳು, ಅದರ ಪಕ್ಕದ್ದು ಇಂದಿಗೂ ಮಡಚುವುದಿಲ್ಲ. ಅವನ ಒಂದು ಕಣ್ಣಿಗೆ ಏನಾದರೂ ಆಗಬಹುದಿತ್ತು, ಆಗಲಿಲ್ಲ. ನಮ್ಮವರು ಅಲ್ಲಿಗೇ ಬಂದರು. ಕೇಳಿದ ಮೇಲೆ, ಮದುವೆಯಾದ ಮೇಲೆ ಮೊದಲ ಸಲ ನನ್ನ ಮೇಲೆ ಕೈ ಎತ್ತಿದರು. ಕಣ್ಣು ಮುಚ್ಚಿದೆ. ಕೈ ಬೀಳಲಿಲ್ಲ. ತೆರೆದು ನೋಡಿದರೆ ಅವರು ಅದೇ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

ಪೊಲೀಸರಿಗೆ ಬರೆದುಕೊಡುತ್ತೇನೆ ಎಂದು ಅವರು ಹೊರಟಾಗ ಶಿವಾನಂದನೇ ತಡೆದ. "ಕೇಸ್ ಹಾಕಿದ್ರ ಡಬ್ಬಿ ಠಾಣೆಕ್ಕ ಹೋಗತೈತಿ ಅಣ್ಣಾ. ಪಕ್ಯಾ ಅಲ್ಲೇ ಧೂಳ ತಿನ್ಕೊಂತ ಕುಂಡ್ರತಾನ. ಮೊದಲ ಅವನ್ನ ಹೊರಗ ತಗೀತೀನಿ. ಆಮ್ಯಾಲ ನೀ ಏನರ ಮಾಡು."

"ನಿನ್ನ ಕೈ ಮುರದಂವನ ಸಲುವಾಗಿ?"

"ಅವನ ಸಲುವಾಗಿ ಅಲ್ಲ. ಆಯಿ ಉಣವಲ್ಲಳು."

ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದು ಡಬ್ಬಿ ಬಿಚ್ಚಿಸಿದ. ಸ್ಕ್ರೂ ತಿರುಗಿಸಿದವಳು ನಾನು. ಒಳಗಿನ ಡಿಸ್ಕನ್ನು ಕಂಪ್ಯೂಟರಿಗೆ ಕೂಡಿಸಿ, ಎಡಗೈಯ ಒಂದು ಬೆರಳಿನಿಂದ ಟಕಟಕ ಹೊಡೆದ. ಅಳಿದದ್ದನ್ನು ಹೆಕ್ಕುವ ಸಾಫ್ಟ್‌ವೇರ್ ಕೂಡ ಅದೇ ಪುಕ್ಕಟೆ ಜಾತಿಯದು. ಅದು ಈ ಡಿಸ್ಕಿಗೆ ಹೊಂದಲಿಲ್ಲ. ಅದನ್ನು ಮಾಡಿದವರಿಗೆ ಇಂಟರ್ನೆಟ್ಟಿನಲ್ಲಿ ಬರೆದ. ಯಾವ ದೇಶದವನೋ ಒಬ್ಬ, ಹೀಗೆ ಮಾಡಿ ನೋಡು ಎಂದು ಎರಡು ಸಾಲು ತಿದ್ದಿ ಕಳಿಸಿದ. ಅವನ ಹೆಸರನ್ನೂ ಸರಿಯಾಗಿ ಓದಲು ಬರಲಿಲ್ಲ ನನಗೆ. ದೇವರ ಮುಂದೆ ಅವನ ಪಾಲಿಗೂ ಒಂದು ಊದುಬತ್ತಿ ಹಚ್ಚಿದೆ.

"ಪೂರ್ತಿ ಅಳಿಸಿಲ್ರಿ ವೈನಿ," ಎಂದ ಶಿವಾನಂದ. "ಊರ ಮನಿ ಮ್ಯಾಲಿನ ಹೆಸರಿನ ಪಾಟಿ ಎಲ್ಲಾ ಕಿತ್ತ ಒಗದಂಗ ಆಗೇತಿ. ಮನಿ ಅದಾವ. ಒಂದೊಂದ ಬಾಗಲಾ ಬಡಕೊಂತ ಹೋಗಬೇಕು."

ಸಾವಿರಾರು ಬಾಗಿಲು. ಆಟದ ಚಿತ್ರ, ಆಟದ ಸದ್ದು, ಬಂದೂಕು, ಬೆಂಕಿ, ಮುರಿದ ಹಾಡು. ಬಡಿಯಬೇಕಾದ ಕೈ ಪ್ಲಾಸ್ಟರಿನಲ್ಲಿತ್ತು, ಆದ್ದರಿಂದ ಮೌಸ್ ನನ್ನ ಕೈಗೆ ಬಂತು. ಬಂದ್ ಮಾಡಿದ ಕೈಯೇ ತೆರೆಯಲಿ ಎಂದು ಕುಳಿತೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ದಿನಾ ಅದೇ ಕೆಲಸ. ದತ್ತು ತಾಯಿಯನ್ನು ಗಾಡಿಯ ಮೇಲೆ ತಂದು, ಎತ್ತಿ ಒಳಗೆ ಕೂರಿಸಿ, ತಾನು ಹೊರಗಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದ. ಒಳಗೆ ಬಾ ಎಂದು ನಾವು ಕರೆಯಲಿಲ್ಲ. ಅವನೂ ಬರಲಿಲ್ಲ. ಶಿವಾನಂದನಿಗೆ ಚಹಾ ಕೊಡುವಾಗ ಅವನಿಗೂ ಒಂದು ಕಪ್ಪು ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದೆ. ಆರಿದ ಮೇಲೆ ಕುಡಿಯುತ್ತಿದ್ದ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಎಮ್ಮೆ ಕಾಣಿಸಿತು. ಅರ್ಧ ಪರದೆ ಹಸಿರು ಬಳಿದಂತಿತ್ತು, ಉಳಿದರ್ಧದಲ್ಲಿ ಪಕ್ಯಾ ಹೊರಳಿದ. ತುಟಿ ಅಲುಗಿತು. ಸದ್ದಿಲ್ಲ.

"ಆಯಿ, ಬಂದಾನ್ರಿ!"

ಹೌಸಕ್ಕ ಪರದೆಗೆ ಮೂಗು ಹತ್ತಿಸಿದಳು. "ಅಂವನ. ಅಂವನ ನನ್ನ ಕೂಸು." ಕಾದಳು. ಆಮೇಲೆ ನನ್ನ ಕಡೆ ಹೊರಳಿದಳು. "ದನಿ ಎಲ್ಲೈತಿ?"

ದನಿ ಹೋಗಿತ್ತು. ಶಿವಾನಂದ ಏನೇ ಮಾಡಿದರೂ ಬರಲಿಲ್ಲ. ಮುಂದೆ ಹುಡುಕು ಎಂದಳು, ಹುಡುಕಿದೆ. ಮತ್ತೆರಡು ದಿನ. ಮೂರನೆಯ ದಿನ ಒಂದು ಬಾಗಿಲು ತೆರೆದರೆ, ತಾಲೀಮಿನ ಕಿಟಕಿಯಲ್ಲಿಟ್ಟ ಮೊಬೈಲಿನ ನೋಟ. ಪಕ್ಯಾ ದಂಡ ಹೊಡೆಯುತ್ತಿದ್ದಾನೆ. ನಡುವೆ ನಿಲ್ಲಿಸಿ ಜೇಬಿನಿಂದ ಚಿಕ್ಕ ಗೇಮ್ ತೆಗೆದು ಆಡುತ್ತಾನೆ. ದತ್ತು ಒಳಗೆ ಬರುತ್ತಾನೆ. ಬೆಲ್ಟ್ ಬಿಚ್ಚುತ್ತಾನೆ. ಬೆನ್ನಿಗೆ, ತಲೆಗೆ, ಬಿದ್ದ ಮೇಲೆ ಹೊಟ್ಟೆಗೆ. ಚಿತ್ರ ಒಡೆದು ಒಡೆದು ಹೋಗುತ್ತಿತ್ತು, ದನಿ ಮಾತ್ರ ಗಾಜಿನಂತೆ ಸ್ವಚ್ಛ. "ಬ್ಯಾಡೋ ಅಣ್ಣಾ, ಬ್ಯಾಡೋ... ಅವ್ವಾ! ಅವ್ವಾ!"

ನನ್ನ ಕೈ ಬಂದ್ ಮಾಡಲು ಹೋಯಿತು. ಹೌಸಕ್ಕ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಎಲ್ಲಿತ್ತೋ.

"ಪಕ್ಯಾನ ದನಿ. ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಕಟ್ಟೆಯ ಮೇಲಿನ ಬೆನ್ನು ಎದ್ದು ನಿಂತಿತ್ತು. ದತ್ತು ಬಾಗಿಲಲ್ಲಿ ಬಂದು ನೋಡಿದ. ತನ್ನದೇ ಕೈ ಮೇಲೆದ್ದು ಕೆಳಗಿಳಿಯುವುದನ್ನು ನೋಡಿದ. ಆಮೇಲೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ. ಒಂದು, ಎರಡು, ಮೂರು. ಕಟ್ಟಿಗೆಗೆ ರಕ್ತ ಹತ್ತಿತು. ಶಿವಾನಂದ ಎದ್ದು ಎಡಗೈಯಿಂದ ಅವನ ಅಂಗಿ ಹಿಡಿದು ಎಳೆದ. ನಿಲ್ಲಲಿಲ್ಲ.

"ಸಾಕು," ಎಂದಳು ಹೌಸಕ್ಕ. "ಇನ್ನ ನನ್ನ ಕಿವಿ ಮುಂದ ಯಾರನ್ನೂ ಹೊಡೀಬ್ಯಾಡ. ನಿನ್ನೂ."

ಅವನು ಹೊಸ್ತಿಲ ಮೇಲೆ ಕುಸಿದ. "ಶಿವಾ, ಅದನ್ನ ಅಳಿಸಿಬಿಡೋ. ಕಾಲ ಬೀಳ್ತೀನಿ."

ಶಿವಾನಂದ ನನ್ನ ಮುಖ ನೋಡಿದ, ಆಯಿಯ ಮುಖ ನೋಡಿದ. ಮೆಲ್ಲಗೆ ಹೇಳಿದ: "ಆಯಿ, ಒಂದು ಮಾಡಾಕ ಬರತೈತ್ರಿ. ಇದರಾಗಿನ 'ಅವ್ವಾ' ಅನ್ನೂದಷ್ಟ ಕತ್ತರಿಸಿ ಎಮ್ಮಿ ಮುಂದ ನಿಂತಿದ್ದಕ್ಕ ಹಚ್ಚತೀನಿ. ಮಾರಿ ಅದು, ದನಿ ಇದು. ಉಳದದ್ದು ತಗದ ಬಿಡೂಣು."

ಹೌಸಕ್ಕ ಪರದೆಯ ಮೇಲೆ ಕೈಯಾಡಿಸಿದಳು. ದತ್ತು ತಲೆ ಎತ್ತಿ ಕಾಯುತ್ತಿದ್ದ. ನನಗೂ ಒಳಗೊಳಗೇ ಹೌದು ಎನ್ನಲಿ ಎಂದಿತ್ತು, ಎಲ್ಲರಿಗೂ ಅದು ಸುಲಭವಿತ್ತು.

"ಬ್ಯಾಡಪಾ. ಹೊಡಿಸ್ಕೊಂತ ಕರದಾನ ನನ್ನ. ಆವಾಗ ನಾ ಒಳಗ ಚಾ ಕುದಸ್ಕೊಂತ ಇದ್ದೆ, ಗಂಡಸೂರು ಸಾಮು ಮಾಡಾಕತ್ತಾರಂತ ಬರಲಿಲ್ಲ. ಆ ಕೂಗನ್ನ ನಗೂ ಬಾಯಾಗ ಹಾಕಬ್ಯಾಡ." ಕೈ ಚಾಚಿ ಗಾಳಿಯಲ್ಲಿ ದೊಡ್ಡ ಮಗನ ತಲೆ ಹುಡುಕಿದಳು. ಅವನು ಮುಂದೆ ಸರಿದು ಅವಳ ಕೈಯ ಕೆಳಗೆ ತಲೆ ಇಟ್ಟ. ಅವಳ ಬೆರಳು ಅವನ ಹಣೆಯ ಗಾಯದ ಮೇಲೆ ನಿಂತವು. "ಎರಡೂ ಇರಲಿ. ನಾಕ ಗಂಟೆಕ್ಕ ಎಮ್ಮಿ ಮುಂದ ನಿಂತದ್ದನ್ನ ಹಚ್ಚು. ಇದನ್ನ ನಾ ಕೇಳಿದಾಗ ಹಚ್ಚು. ನೀನ ಹಚ್ಚಬೇಕು, ದತ್ತ್ಯಾ. ಮತ್ತೊಬ್ಬರಿಗೆ ಹೇಳಬಾರದು."

ಹೊರಗಿನಿಂದ ಶಾರದಾ ಕೂಗಿದಳು. "ಅಕ್ಕಾ, ನಳಾ ಬಂತ್ರಿ! ಲಗೂನ ಬರ್ರಿ, ಇವತ್ತ ಜೋರ ಐತಿ!"

ಐದು ದಿನಕ್ಕೊಮ್ಮೆ ಬರುವ ನೀರು, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಮೌಸನ್ನು ಶಿವಾನಂದನ ಎಡಗೈಗೆ ಸರಿಸಿ, ಎರಡೂ ವಿಡಿಯೊಗಳ ನಕಲನ್ನು ಮೊದಲು ಬೇರೆ ಎರಡು ಕಡೆ ತೆಗೆದಿಡು ಎಂದು ಹೇಳಿ ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡಗಳನ್ನು ಸಾಲಾಗಿ ಇಟ್ಟೆ. ಮೊದಲ ನೀರು ಕೆಂಪಗೆ ಬಂತು, ಚೆಲ್ಲಿದೆ. ತಿಳಿಯಾದ ಮೇಲೆ ಕೊಡ ಹಿಡಿದೆ. ಒಳಗಿನಿಂದ ಮತ್ತೊಮ್ಮೆ ಅವ್ವಾ ಎಂಬ ಆ ದನಿ ಕೇಳಿತು, ಎರಡು ಸಲ. ದತ್ತು ಹಚ್ಚಿರಬೇಕು. ಕೊಡ ತುಂಬಿತು. ಎತ್ತಿ ಪಕ್ಕಕ್ಕಿಟ್ಟು, ಎರಡನೆಯದನ್ನು ನಳದ ಕೆಳಗೆ ಸರಿಸಿದೆ.